ಬಾಗಿಲ ಬಳಿಯ ಹೊನ್ನಕ್ಕ

ಹೊನ್ನಕ್ಕನವರನ್ನು ನಾನು ಮೊದಲು ಕಂಡದ್ದು ಶಿರಾದಿಂದ ಮಧುಗಿರಿಗೆ ಬರುವ ಬಸ್ಸಿನಲ್ಲಿ. ಆಗ ಯುದ್ಧಕಾಲ. ಪೆಟ್ರೋಲು ಸಿಗದೆ ಬಸ್ಸಿನ ಹಿಂಬದಿಗೆ ಪೀಪಾಯಿಯಂಥ ಒಲೆ ಕಟ್ಟಿ, ಇದ್ದಿಲು ಉರಿಸಿ ಓಡಿಸುತ್ತಿದ್ದರು. ನಾನು ಬಿ.ಎ. ಮುಗಿಸಿ ಮಧುಗಿರಿಯ ಮಿಷನ್ ಶಾಲೆಗೆ ಉಪಾಧ್ಯಾಯನಾಗಿ ಹೊರಟಿದ್ದೆ. ತೊಡೆಯ ಮೇಲೆ ತಗಡಿನ ಪೆಟ್ಟಿಗೆ ಇತ್ತು. ಮುಂದಿನ ಸೀಟುಗಳಲ್ಲಿ ಹೆಂಗಸರು, ನಡುವೆ ಗಂಡಸರು. ಒಲೆಯ ಕಾವು ಬೆನ್ನಿಗೆ ತಾಗುವ ಕಟ್ಟಕಡೆಯ ಸೀಟಿನಲ್ಲಿ ಯಾರೂ ಕೂರುತ್ತಿರಲಿಲ್ಲ. ಅಲ್ಲಿ ಅವರೊಬ್ಬರೇ ಉಣ್ಣೆಯ ಗಂಟನ್ನು ಪಕ್ಕಕ್ಕಿಟ್ಟುಕೊಂಡು ಕುಳಿತಿದ್ದರು.

ಎತ್ತರದ ಆಳು. ಬಣ್ಣ ಹೋದ ಹಸುರು ಸೀರೆ, ಅದರ ಮೇಲೆ ಗಂಡಸರು ಹಾಕಿಕೊಳ್ಳುವ ಹಾಗೆ ಮಡಿಸಿ ಹೆಗಲಿಗೆ ಹಾಕಿದ ಕರಿ ಕಂಬಳಿ. ನರೆತ ಕೂದಲನ್ನು ಗಂಟು ಕಟ್ಟಿದ್ದರು. ಮೇಲ್ದುಟಿಯಲ್ಲೂ ಗಲ್ಲದಲ್ಲೂ ಅಲ್ಲಲ್ಲಿ ಬಿಳಿ ಕೂದಲು. ಕೈ ಅಗಲ, ಬೆರಳು ಉದ್ದ. ಬಸ್ಸು ಎಷ್ಟು ಕುಲುಕಿದರೂ ಆ ಕೈಯಲ್ಲಿ ಕದಿರು ತಿರುಗುತ್ತಲೇ ಇತ್ತು, ನೂಲು ಕಡಿಯುತ್ತಿರಲಿಲ್ಲ.

ಒಂದು ಏರು ಬಂದಾಗ ಬಸ್ಸು ನಿಂತುಬಿಟ್ಟಿತು. ಶಿರಾದ ಸಾಬರೊಬ್ಬರು ಕಂಡಕ್ಟರು. ಅವರು ಬಾಗಿಲು ಬಡಿದು ಕೂಗಿದರು.

"ಗಂಡಸ್ರೆಲ್ಲ ಇಳೀರಪ್ಪಾ, ತಳ್ಬೇಕು! ಹೆಂಗಸ್ರು ಕುಂತಿರಿ!"

ನಾವು ಇಳಿದೆವು. ಹೊನ್ನಕ್ಕನವರೂ ಕದಿರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದರು.

"ಅರೆ, ನೀನ್ಯಾಕೆ ಇಳ್ದೆ?" ಎಂದ ಕಂಡಕ್ಟರು, ಮುಖ ನೋಡಿ ನಕ್ಕರು. "ಓಹೋ, ಇಳಿ ಇಳಿ. ನಿಂಗೆ ಎರಡೂ ಕಡೆ ಟಿಕೀಟು ಹರೀಬೇಕಾಗಿತ್ತು ನಾನು."

ಗಂಡಸರು ಗೊಳ್ಳೆಂದರು. ಕಿಟಕಿಯಲ್ಲಿ ಹೆಂಗಸರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಹೊನ್ನಕ್ಕನವರು ಯಾರ ಕಡೆಗೂ ನೋಡಲಿಲ್ಲ. ಹೆಗಲನ್ನು ಬಸ್ಸಿಗೆ ಆನಿಸಿ, ಕಾಲನ್ನು ಕಲ್ಲಿಗೆ ಒತ್ತಿ ನಿಂತರು. ಬಸ್ಸು ಮೇಲೇರಿದ್ದು ಮುಖ್ಯವಾಗಿ ಆ ಒಂದು ಹೆಗಲಿನಿಂದ ಎಂದು ನನಗೆ ಅನ್ನಿಸಿತು. ಎಂಜಿನ್ನು ಹಿಡಿದುಕೊಂಡಕೂಡಲೆ ಎಲ್ಲರೂ ಓಡಿ ಹತ್ತಿದರು. ಅವರು ಒಳಗಿಂದ ತಮ್ಮ ಗಂಟನ್ನು ಎಳೆದುಕೊಂಡು ದಾರಿಯ ಮಗ್ಗುಲಿಗೆ ಸರಿದರು.

"ಹತ್ತೋದಿಲ್ಲವೇ?" ಎಂದೆ.

"ನೀವು ಹತ್ಕಳಿ ಬುದ್ಧಿ," ಎಂದರು. ದನಿ ದಪ್ಪ, ಆದರೆ ಮೆತ್ತಗೆ. "ಮತ್ತೆ ಹತ್ತಿದ್ರೆ ಮತ್ತೆ ಸುರು ಮಾಡ್ತಾರೆ. ಸಾಕಾಗೈತೆ. ನಡ್ಕಂಡು ಬತ್ತೀನಿ."

ಬಸ್ಸು ಹೊರಟಿತು. ಹಿಂದೆ ಧೂಳಿನಲ್ಲಿ ಅವರು ಗಂಟನ್ನು ತಲೆಯ ಮೇಲಿಟ್ಟುಕೊಂಡು ನಡೆದು ಬರುತ್ತಿದ್ದರು.

ಮುಂದಿನ ಭಾನುವಾರ ನಮ್ಮ ಕ್ರೈಸ್ತ ಸಭೆಯ ಗುಡಿಯಲ್ಲಿ ಅವರನ್ನು ಮತ್ತೆ ಕಂಡೆ. ಮಧುಗಿರಿ ಬೆಟ್ಟದ ಕೆಳಗೆ, ಕೇರಿಯ ಕೊನೆಗೆ ಆ ಗುಡಿ ಇದೆ. ಹೆಂಚಿನ ಮನೆ, ಒಳಗೆ ಬೆಂಚುಗಳಿಲ್ಲ. ಎಡಕ್ಕೆ ಗಂಡಸರ ಚಾಪೆ, ಬಲಕ್ಕೆ ಹೆಂಗಸರ ಚಾಪೆ, ನಡುವೆ ಪಾದ್ರಿಗಳಾದ ಅಯ್ಯನವರು ಓಡಾಡುವಷ್ಟು ಜಾಗ. ಹಿಂದೆ ಬಾಗಿಲು. ಬಾಗಿಲಿನ ಒಂದು ಪಕ್ಕದಲ್ಲಿ ಒಂದು ಕಲ್ಲಿನ ಮೇಲೆ ಪರ್ವತಯ್ಯನವರು ಕೂರುತ್ತಿದ್ದರು. ಅವರು ಸಭೆಯ ಹಿರಿಯರು. ಬಂಡೆ ಒಡೆಯುವ ಕೆಲಸದಲ್ಲಿ ಬಿದ್ದು ಎರಡೂ ಮಂಡಿಗಳು ಮಡಿಸಲಾಗದಂತಾಗಿದ್ದವು. ಬಾಗಿಲಿನ ಇನ್ನೊಂದು ಪಕ್ಕದಲ್ಲಿ ಬರಿ ನೆಲದ ಮೇಲೆ ಹೊನ್ನಕ್ಕನವರು.

ನಮ್ಮಲ್ಲಿ ಯೇಸುಸ್ವಾಮಿಯ ಕಡೆಯ ಊಟದ ನೆನಪಿಗೆ ಹಂಚುವ ಪ್ರಭುಭೋಜನ ತಿಂಗಳು ತಿಂಗಳಿಗೆ ಇರುವುದಿಲ್ಲ. ಸುತ್ತಲಿನ ಸಭೆಗಳನ್ನೆಲ್ಲ ಮುಗಿಸಿಕೊಂಡು ಅಯ್ಯನವರು ಬಂದಾಗ ಮಾತ್ರ. ಮೊದಲು ಗಂಡಸರು ಎದ್ದು ಹೋಗಿ ಸಾಲಾಗಿ ಮೊಣಕಾಲೂರುತ್ತಾರೆ. ಅವರಿಗೆ ರೊಟ್ಟಿ, ದ್ರಾಕ್ಷಾರಸ ಆದಮೇಲೆ ಹೆಂಗಸರ ಸಾಲು. ಎದ್ದು ಬರಲಾರದವರಿಗೆ, ಅವರು ಕುಳಿತ ಕಡೆಗೇ ಅಯ್ಯನವರು ತೆಗೆದುಕೊಂಡು ಹೋಗಿ ಕೊಡಬೇಕು. ಇದು ಹಿಂದಿನ ಬಿಳಿಯ ಪಾದ್ರಿದೊರೆಗಳ ಕಾಲದಿಂದ ಬಂದ ವಾಡಿಕೆ. ಹೀಗಾಗಿ ಕೊನೆಗೆ ಅಯ್ಯನವರು ಬಟ್ಟಲು ಹಿಡಿದು ಬಾಗಿಲವರೆಗೂ ಬಂದು, ಪರ್ವತಯ್ಯನವರಿಗೆ ಕೊಟ್ಟು, ತಿರುಗಿ ಹೋಗುತ್ತಿದ್ದರು. ಆ ಬಟ್ಟಲು ಹೊನ್ನಕ್ಕನವರು ಕೈ ಚಾಚಿದರೆ ಸಿಗುವಷ್ಟು ಹತ್ತಿರ ಬಂದು ಹಿಂದಕ್ಕೆ ಹೋಗುತ್ತಿತ್ತು. ಅವರು ಕೈ ಚಾಚುತ್ತಿರಲಿಲ್ಲ. ನೆಲ ನೋಡುತ್ತ ಕುಳಿತಿರುತ್ತಿದ್ದರು.

ಯಾಕೆ ಕೊಡುವುದಿಲ್ಲ ಎಂದು ಪರ್ವತಯ್ಯನವರನ್ನು ಕೇಳಿದೆ.

"ಯಾವ ಸಾಲು ಅಂತ ತೀರ್ಮಾನ ಆಗಿಲ್ವಲ್ಲ ಮೇಷ್ಟ್ರೇ. ಹೆಂಗಸ್ರು ತಮ್ಮ ಚಾಪೆಗೆ ಬುಡಾಕಿಲ್ಲ ಅಂತಾರೆ. ಗಂಡಸ್ರು ಸೀರೆ ಉಟ್ಟೋರ ಪಕ್ಕ ಹೆಂಗೆ ಮಂಡಿ ಊರಾದು ಅಂತಾರೆ. ಹಳೇ ಅಯ್ಯನೋರು ದೀಕ್ಷಾಸ್ನಾನ ಕೊಟ್ಟು ಊರು ಬುಟ್ಟು ಹೋದ್ರು. ಇವ್ರು ಬಂದ್ರು. ಅಲ್ಲೇ ನಿಂತೈತೆ."

ಹೊನ್ನಕ್ಕನವರ ಕಥೆ ನನಗೆ ಒಂದೇ ಸಲಕ್ಕೆ ತಿಳಿಯಲಿಲ್ಲ. ಶಾಲೆ ಬಿಟ್ಟಮೇಲೆ ಅವರ ಗುಡಿಸಲಿನ ಮುಂದೆ ಹಾದುಹೋಗುವಾಗ ಒಂದಿಷ್ಟು, ಪರ್ವತಯ್ಯನವರಿಂದ ಒಂದಿಷ್ಟು ಕೇಳಿದ್ದು.

ಅವರು ಶಿರಾ ಸೀಮೆಯ ಹುಲಿಕುಂಟೆ ಕಡೆಯವರು. ಕುರಿ ಸಾಕುವ ಮನೆ. ಹುಟ್ಟಿದಾಗ ಸೂಲಗಿತ್ತಿ ದೀಪ ಹತ್ತಿರ ತರಿಸಿ, ಮತ್ತೆ ಮತ್ತೆ ನೋಡಿ, ಕೊನೆಗೆ ಹೆಣ್ಣು ಅಂದಳಂತೆ. ಹೆಣ್ಣಾಗಿ ಬೆಳೆಸಿದರು. ಸೋದರಮಾವನ ಮಗನಿಗೆ ಚಿಕ್ಕಂದಿನಲ್ಲೇ ಮದುವೆ ಮಾಡಿದರು. ಜೊತೆಯ ಹುಡುಗಿಯರೆಲ್ಲ ಮೈನೆರೆದರು, ಇವರು ನೆರೆಯಲಿಲ್ಲ. ದನಿ ಒಡೆಯಿತು. ಅತ್ತೆ ಒಂದು ದಿನ ಕೋಣೆಗೆ ಕರೆದು ಸೀರೆ ಬಿಚ್ಚಿಸಿದರು. ಆಮೇಲೆ ಊರ ಹಿರಿಯರ ಹೆಂಡಂದಿರು ಬಂದು ನೋಡಿದರು. ಗಂಡ ಒಳ್ಳೆಯವನು, ಬಾಯಿ ಬಿಟ್ಟು ಏನೂ ಅನ್ನಲಿಲ್ಲ. ತವರಿನ ದಾರಿಯಲ್ಲಿ ಅರ್ಧದವರೆಗೆ ಬಂದು ಬಿಟ್ಟುಹೋದ.

ತವರಿನಲ್ಲಿ ಊರದೇವತೆಯ ಪೂಜಾರಿ ಅಡವಯ್ಯ ಎಂಬುವನು, ಇದು ಅಮ್ಮನ ಗುರುತು, ಇವಳು ಮನೆಯಲ್ಲಿರುವಂಥವಳಲ್ಲ ಅಂದ. ಅವನೂ ಒಂದು ಸಲ ನೋಡಿಯೇ ಆ ಮಾತು ಹೇಳಿದ್ದು. ಬಿದಿರುಬುಟ್ಟಿಯಲ್ಲಿ ದೇವಿಯ ಮುಖವಿಟ್ಟು ತಲೆಯ ಮೇಲೆ ಹೊರಿಸಿದರು. ಪಾವಗಡದ ಗಡಿವರೆಗೂ ಊರೂರು ಅಲೆದರು. ಬಸುರಿಯರು ಬಂದು ಕಾಲು ಮುಟ್ಟುತ್ತಿದ್ದರು. ಅದೇ ಬಸುರಿಯರು ಬೆಳಗ್ಗೆ ಎದುರಿಗೆ ಬಂದರೆ ಮುಖ ತಿರುಗಿಸುತ್ತಿದ್ದರು. ಹೊಟ್ಟೆಗೆ ಕೊರತೆಯಿರಲಿಲ್ಲ.

"ಅದನ್ನ ಯಾಕೆ ಬಿಟ್ಟಿರಿ?" ಎಂದು ಕೇಳಿದ್ದೆ.

"ಕಾಲು ಮುಟ್ಟಿಸ್ಕಂಡು ಮುಟ್ಟಿಸ್ಕಂಡು ಸುಸ್ತಾಯ್ತು ಮೇಷ್ಟ್ರೇ," ಎಂದು ನಕ್ಕರು. "ದೇವ್ರಾಗಾದೂ ಒಂದು ಕೆಲ್ಸಾನೇಯ. ಒಂದಿನ ರಜಾ ಇಲ್ಲ."

ಕ್ರಿಸ್ತನ ಮಾತು ಅವರಿಗೆ ಬಂದದ್ದು ಮಾರ್ತಮ್ಮ ಎಂಬ ಹೆಂಗಸಿನಿಂದ. ಮಿಷನ್ನಿನ ಕಡೆಯಿಂದ ಹಳ್ಳಿ ಹಳ್ಳಿ ತಿರುಗಿ ಸುವಾರ್ತೆ ಹೇಳುತ್ತಿದ್ದ ವಿಧವೆ. ಒಂದು ಮಧ್ಯಾಹ್ನ ಬಿಸಿಲು ತಾಳದೆ ಹೊನ್ನಕ್ಕನವರ ಜಗುಲಿಗೆ ಬಂದು ಕುಳಿತರು. ಇವರು ಮುದ್ದೆ ಕಟ್ಟಿ ಕೊಟ್ಟರು. ಆಕೆ ಉಂಡರು.

"ಆವಮ್ಮ ನನ್ನ ಮಕ ನೋಡ್ತು. ಇನ್ನೇನು, ನೀನ್ಯಾರು, ಏನು ಅಂತ ಕೇಳ್ತದೆ ಅನ್ಕಂಡೆ. ಸಾರಿಗೆ ಉಪ್ಪು ಐತಾ ತಾಯಿ ಅಂತು. ಅಷ್ಟೇಯ. ಉಪ್ಪು ಕೊಟ್ಟೆ. ಆಮ್ಯಾಕೆ ಯೇಸುಸ್ವಾಮಿ ಕತೆ ಏಳ್ತು. ಆವಮ್ಮನ್ನ ಕಳಿಸ್ದೋನು ಹೆಂಗಿದ್ದಾನೋ ನೋಡನ ಅನ್ನಿಸ್ತು."

ಬುಟ್ಟಿಯನ್ನು ಪೂಜಾರಿಯ ಮನೆಯ ಮುಂದೆ ಇಳಿಸಿ ಮಧುಗಿರಿಗೆ ಬಂದರು. ದೀಕ್ಷಾಸ್ನಾನವಾಯಿತು. ಉಣ್ಣೆ ಹಿಂಜಿ ನೂಲು ತೆಗೆದು ಬದುಕಿದರು. ಮಾರ್ತಮ್ಮ ತೀರಿಕೊಂಡರು. ಸಭೆಯಲ್ಲಿ ಬಾಗಿಲ ಬಳಿ ಕುಳಿತವರು ಅಲ್ಲೇ ಕುಳಿತರು. ಅವರಿಗೆ ಬೇರೆ ಏನೂ ಬೇಕಿರಲಿಲ್ಲ. ಸಾಯುವುದರೊಳಗೆ ಒಂದು ಸಲ ಎಲ್ಲರ ಜೊತೆಯಲ್ಲಿ ಆ ರೊಟ್ಟಿ, ಆ ಬಟ್ಟಲು ಸಿಗಬೇಕು. ಅದಕ್ಕಾಗಿ ಸೀರೆ ಬಿಚ್ಚುವಂತಾಗಬಾರದು.

ಈಗಿನ ಪಾದ್ರಿ ಪ್ರಸನ್ನ ಅಯ್ಯನವರು ಕೆಟ್ಟ ಮನುಷ್ಯರಲ್ಲ. ಸೈಕಲ್ಲಿನ ಮೇಲೆ ಕೊರಟಗೆರೆಯಿಂದ ಪಾವಗಡದವರೆಗೆ ತಿರುಗಿ ತಿರುಗಿ ಸೊರಗಿದವರು. ಎಲ್ಲವೂ ಕ್ರಮವಾಗಿರಬೇಕು ಎನ್ನುವವರು. ನಾನು ಒಂದು ದಿನ ಅವರ ಬಳಿ ಹೋಗಿ, ತಾಯಿಯ ಹೊಟ್ಟೆಯಿಂದಲೇ ಹಾಗೆ ಹುಟ್ಟಿದವರ ವಿಷಯ ಸುವಾರ್ತೆಯಲ್ಲಿ ಯೇಸುಸ್ವಾಮಿಯೇ ಮಾತಾಡಿದ್ದಾನಲ್ಲ ಎಂದೆ.

"ನನಗೂ ಗೊತ್ತು ಮೇಷ್ಟ್ರೇ," ಎಂದರು, ಕಣ್ಣೊರೆಸಿಕೊಳ್ಳುತ್ತ. "ಅವರ ವಿಷಯ ಮಾತಾಡಿದ. ಯಾವ ಚಾಪೆಯ ಮೇಲೆ ಕೂರಿಸಬೇಕು ಅಂತ ಹೇಳಲಿಲ್ಲ. ಅದು ನನ್ನ ತಲೆಗೆ ಬಂದಿದೆ."

ಆಮೇಲೆ ಅವರಿಗೊಂದು ಉಪಾಯ ಹೊಳೆಯಿತು. ಪಕ್ಕದ ಪಟ್ಟಣದ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು. ಅವರು ಪರೀಕ್ಷಿಸಿ ಗಂಡೋ ಹೆಣ್ಣೋ ಎಂದು ಒಂದು ಮಾತು ಹೇಳಿದರೆ ಆ ಕಡೆಯ ಚಾಪೆಯಲ್ಲಿ ಜಾಗ ಕೊಡಬೇಕು, ಮತ್ತೆ ಯಾರೂ ತುಟಿ ಬಿಚ್ಚಬಾರದು. ಆರಾಧನೆ ಮುಗಿದಮೇಲೆ ಸಭೆಯ ಮುಂದೆ ಇದನ್ನು ಹೇಳಿದರು. ಉಪಕಾರವಾಗಲಿ ಎಂದೇ ಹೇಳಿದ್ದು.

ಮೊದಲು ಬಾಯಿ ತೆರೆದವರು ಮುನಿಯಮ್ಮ. ಹೆಂಗಸರ ಚಾಪೆಯ ಮುಂದಿನ ಸಾಲು ಆಕೆಯದು. ಮಾತು ಬಲು ಚುರುಕು. ಹೊನ್ನಕ್ಕನವರನ್ನು ಬಾವಿಕಟ್ಟೆಯಲ್ಲಿ ಆಡಿಕೊಳ್ಳುವುದರಲ್ಲಿಯೂ ಆಕೆಯದೇ ಮೊದಲ ದನಿ.

"ಡಾಕ್ಟರಮ್ಮ ಗಂಡಸು ಅಂದ್ರೆ ಏನಯ್ಯನೋರೆ ಮಾಡಾದು? ಇಷ್ಟು ದಿನ ನಮ್ಮ ಜೊತೇಲಿ ನೀರು ಸೇದವ್ಳೆ. ನಾವೆಲ್ಲ ಗಂಡಂದಿರಿಗೆ ಏನು ಜವಾಬು ಕೊಡಾನ?"

"ನಿನ್ನ ಗಂಡ ಸತ್ತು ಎಷ್ಟು ಕಾಲ ಆಯ್ತು, ಮುನಿಯಮ್ಮ?" ಎಂದರು ಪರ್ವತಯ್ಯ.

"ಸತ್ರೇನು, ಅವ್ನಿಗೆ ಮ್ಯಾಲಿಂದ ಕಾಣಾಕಿಲ್ವ?"

ಎಲ್ಲರೂ ನಕ್ಕರು. ಹೊನ್ನಕ್ಕನವರು ನಗಲಿಲ್ಲ. ಏಳಲೂ ಇಲ್ಲ. ನಗು ಅಡಗಿದ ಮೇಲೆ, "ಆಗ್ಲಿ ಅಯ್ಯನೋರೆ. ಹೋಗ್ಬತ್ತೀನಿ," ಎಂದರು. ಒಪ್ಪಿಗೆ ಎನ್ನುವುದಕ್ಕಿಂತ, ಬೇಡ ಎನ್ನುವುದಕ್ಕೂ ತ್ರಾಣ ಉಳಿದಿಲ್ಲ ಎನ್ನುವ ಹಾಗಿತ್ತು ಆ ದನಿ.

ಜೊತೆಗೆ ಒಬ್ಬ ಹೆಂಗಸು ಹೋಗಬೇಕೆಂದು ಅಯ್ಯನವರು ಮುನಿಯಮ್ಮನನ್ನೇ ನೇಮಿಸಿದರು. ಡಾಕ್ಟರಮ್ಮನಿಗೆ ಕನ್ನಡ ಅಷ್ಟಾಗಿ ಬಾರದು, ಇಂಗ್ಲಿಷಿನಲ್ಲಿ ವಿವರಿಸಲು ನಾನು. ಎತ್ತಿನ ಗಾಡಿಯಲ್ಲಿ ಹೊರಟೆವು. ಮುನಿಯಮ್ಮ ದಾರಿಯುದ್ದಕ್ಕೂ ಮಾತಾಡಿದರು. ಬುತ್ತಿ ಬಿಚ್ಚಿ ಎಲ್ಲರಿಗೂ ರೊಟ್ಟಿ ಹಂಚಿದರು. ಹೊನ್ನಕ್ಕನವರಿಗೂ ಕೊಟ್ಟರು, ಕೈ ತಾಗದ ಹಾಗೆ.

ಆಸ್ಪತ್ರೆಯ ಜಗುಲಿಯಲ್ಲಿ ತುಂಬ ಜನ ಕಾದಿದ್ದರು. ನಾವೂ ಗೋಡೆಗೆ ಒರಗಿ ಕುಳಿತೆವು. ಒಳಗಿನಿಂದ ಒಂದು ಮಗು ಕಿರುಚುತ್ತಿತ್ತು.

"ಏನು ಮಾಡ್ತಾರೋ ಒಳಗೆ," ಎಂದರು ಮುನಿಯಮ್ಮ. "ಕೊಯ್ತಾರಾ ಮೇಷ್ಟ್ರೇ?"

"ಇಲ್ಲ. ನೋಡ್ತಾರೆ ಅಷ್ಟೆ."

"ನೋಡಾದಾದ್ರೆ ಏನಂತೆ. ನೋಡ್ಲಿ ಬುಡು, ಹೊನ್ನಿ. ನೋಡಿದ್ರೆ ಸವೆಯಾಕಿಲ್ಲ."

ಹೊನ್ನಕ್ಕನವರು ಮೆಲ್ಲಗೆ ಮಾತಾಡತೊಡಗಿದರು. ನಮ್ಮ ಕಡೆಗೆ ತಿರುಗಲಿಲ್ಲ. ಎದುರಿನ ಬೇವಿನ ಮರವನ್ನು ನೋಡುತ್ತ ಹೇಳಿದರು.

"ಸವೆದೈತೆ ಕಣಮ್ಮ. ಸೂಲಗಿತ್ತಿ ನೋಡಿದ್ಲಂತೆ, ನಂಗೆ ಗ್ಯಾನ ಇಲ್ಲ. ಅತ್ತೆ ನೋಡಿದ್ಲು. ಗೌಡ್ರ ಹೆಂಡ್ತಿ ನೋಡಿದ್ಲು, ಅವಳ ಹಿಂದೆ ಬಂದೋರೆಲ್ಲ ನೋಡಿದ್ರು. ಒಬ್ಳು ಕೋಲಲ್ಲಿ ಸೀರೆ ಎತ್ತಿದ್ಲು, ಕೈ ಮೈಲಿಗೆ ಆಯ್ತದೆ ಅಂತ. ಪೂಜಾರಿ ನೋಡ್ದ. ಸಂತೆಯಾಗೆ ಕುಡುದ್ಬಂದೋರು ನೋಡ್ಬೇಕು ಅಂದ್ರು. ಎಲ್ರೂ ನೋಡಿ ನೋಡಿ ಒಂದೊಂದು ಏಳಿದ್ರು. ನಾನು ಮಾತ್ರ ಅದೇ ಇವ್ನಿ. ಯೇಸುಸ್ವಾಮಿ ಒಬ್ಬ, ನೋಡ್ದೇಯ ಬಾ ಅಂದ. ಅಂಗಂತ ಮಾರ್ತಮ್ಮ ಏಳಿದ್ರು. ಈಗ ಅವನ ಮನೆ ಊಟಕ್ಕೂ ಬಿಚ್ಚಿ ತೋರ್ಸಿ ಹೋಗ್ಬೇಕು ಅಂದ್ರೆ..."

ಅವರು ಅಳಲಿಲ್ಲ. ಕೈ ತಾನಾಗಿ ಸೊಂಟದ ಕದಿರನ್ನು ಹುಡುಕಿತು. ಅದನ್ನು ಅವರು ಆ ದಿನ ತಂದಿರಲಿಲ್ಲ.

ಮುನಿಯಮ್ಮ ಎಲೆ ಅಡಿಕೆ ಜಗಿಯುತ್ತಿದ್ದವರು ಜಗಿಯುವುದನ್ನು ಬಿಟ್ಟರು. ಒಳಗಿನಿಂದ ಒಬ್ಬ ನರ್ಸು ಬಂದು ಹೊನ್ನಕ್ಕ ಯಾರು ಎಂದು ಕೂಗಿದಳು. ಹೊನ್ನಕ್ಕನವರು ಏಳಲು ನೆಲಕ್ಕೆ ಕೈಯೂರಿದರು.

ಮುನಿಯಮ್ಮ ಉಗಿದು ಬಂದು, "ಯಾರೂ ಇಲ್ಲ ಕಣಮ್ಮ, ಹೊಂಟೋದ್ರು," ಎಂದರು. ಆಮೇಲೆ ಹೊನ್ನಕ್ಕನವರ ರಟ್ಟೆ ಹಿಡಿದು ಎಬ್ಬಿಸಿದರು. "ಏಳು, ಹೋಗನ. ಬಿಸಿಲೇರ್ತೈತೆ."

"ಅಯ್ಯನೋರು..."

"ಅಯ್ಯನೋರಿಗೆ ಮೇಷ್ಟ್ರು ಏಳ್ತಾರೆ. ಇಂಗ್ಲೀಸು ಓದವ್ರಲ್ಲ."

ಬರುವಾಗ ಮುನಿಯಮ್ಮ ದಾರಿಯುದ್ದಕ್ಕೂ ಹೊನ್ನಕ್ಕನವರನ್ನು ಬೈದರು. ಒಂದು ದಿನದ ಕೂಲಿ ಹಾಳಾಯಿತು, ಎತ್ತು ಸೋತವು, ಬುತ್ತಿ ದಂಡವಾಯಿತು, ಹೋಗಲೊಲ್ಲೆ ಎಂದು ಸಭೆಯಲ್ಲೇ ಹೇಳಲು ಬಾಯಿಗೆ ಏನಾಗಿತ್ತು ಎಂದು. ಹೊನ್ನಕ್ಕನವರು ಗಾಡಿಯ ಮೂಲೆಗೆ ತಲೆಯಾನಿಸಿ ನಿದ್ದೆ ಹೋಗಿದ್ದರು. ಬೈಗುಳ ನಡೆದೇ ಇತ್ತು.

ಅಯ್ಯನವರಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿದೆ. "ಹಾಗಾದರೆ ನಾನೇನೂ ಮಾಡಲಾರೆ," ಎಂದರು. "ಸಾಲು ಮುರಿದು ಕೊಟ್ಟರೆ ಸಭೆ ಒಡೆಯುತ್ತದೆ. ಕೊಡದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ನೀವೇ ಹೇಳಿ."

ಆ ಸಲದ ಪ್ರಭುಭೋಜನ ಸುಗ್ಗಿ ಮುಗಿದ ಮೇಲಿನ ಭಾನುವಾರ ಬಂತು. ಗುಡಿ ತುಂಬಿತ್ತು. ಗಂಡಸರದು ಆಯಿತು. ಹೆಂಗಸರು ಎದ್ದು ಹೋಗಿ ಮೊಣಕಾಲೂರಿದರು. ಮುಂದಿನ ಸಾಲಿನಲ್ಲಿ ಮುನಿಯಮ್ಮ ಇರಲಿಲ್ಲ. ತಿರುಗಿ ನೋಡಿದರೆ ಆಕೆ ಬಾಗಿಲ ಬಳಿ, ಹೊನ್ನಕ್ಕನವರಿಗೂ ಗೋಡೆಗೂ ನಡುವೆ ಕಾಲು ಚಾಚಿ ಕುಳಿತಿದ್ದರು.

ಹೆಂಗಸರಿಗೆ ಕೊಟ್ಟಾದ ಮೇಲೆ ಅಯ್ಯನವರು ಬಾಗಿಲವರೆಗೆ ಬಂದು, ಪರ್ವತಯ್ಯನವರಿಗೆ ಕೊಟ್ಟು ತಿರುಗಿದರು.

"ಅಯ್ಯನೋರೆ, ನಂಗೂ ಮಂಡಿ ನೋವು," ಎಂದರು ಮುನಿಯಮ್ಮ.

ಅಯ್ಯನವರು ನಿಂತರು. "ಬೆಳಗ್ಗೆ ಎರಡು ಕೊಡ ನೀರು ಹೊತ್ತುಕೊಂಡು ನನ್ನ ಮುಂದೆಯೇ ಹೋದಿರಲ್ಲ?"

"ಅದ್ಕೇ ನೋವು ಬಂದಿರಾದು."

ಯಾರೋ ನಕ್ಕು, ಕೆಮ್ಮಿ ಮುಚ್ಚಿಕೊಂಡರು. ಆಕೆ ಕದಲಲಿಲ್ಲ. "ಮಂಡಿ ಮಡಿಸಕ್ಕಾಗ್ದೋರಿಗೆ ಇದ್ದ ಕಡೇಲೇ ಕೊಡಾದು ವಾಡಿಕೆ ಅಲ್ವ? ಗಂಡ್ಸೋ ಹೆಂಗ್ಸೋ ಅಂತ ಇಲ್ಲಿ ಯಾವತ್ತಾರ ಕೇಳವ್ರಾ? ಈ ಕಡೆ ಇರಾದು ನೋವಿರೋರ ಸಾಲು. ಇವಳ ಮಂಡಿ ನನ್ನ ಮಂಡಿಗಿಂತ ಹಳೇದು. ನಡ್ದು ನಡ್ದು ಸವೆದೈತೆ."

ಮಂಡಿಯೂರಿದ್ದ ಹೆಂಗಸರು ಕತ್ತು ತಿರುಗಿಸಿ ನೋಡುತ್ತಿದ್ದರು. ಅಯ್ಯನವರ ಮುಖದಲ್ಲಿ ಕೋಪ ಕಾಣಲಿಲ್ಲ. ಸೈಕಲ್ ತುಳಿದು ಬಂದ ಆಯಾಸ ಮಾತ್ರ ಕಾಣುತ್ತಿತ್ತು.

"ಹೊನ್ನಕ್ಕ, ನಿಮಗೆ ಮಂಡಿ ನೋವಿದೆಯೇ?" ಎಂದು ಕೇಳಿದರು.

"ಎಲ್ಲಾ ನೋಯ್ತದೆ ಅಯ್ಯನೋರೆ," ಎಂದರು ಹೊನ್ನಕ್ಕ.

ಅಯ್ಯನವರು ಮೊದಲು ಮುನಿಯಮ್ಮನಿಗೆ ರೊಟ್ಟಿ ಕೊಟ್ಟರು. ಆಮೇಲೆ ಹೊನ್ನಕ್ಕನವರಿಗೆ ಕೊಟ್ಟರು. ಬಟ್ಟಲನ್ನೂ ಹಾಗೆಯೇ. ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದರು, ದನಿ ಏರಿಸಲಿಲ್ಲ, ಇಳಿಸಲಿಲ್ಲ. ಹೊನ್ನಕ್ಕನವರು ಕುಡಿದು, ತುಟಿಯನ್ನು ಕಂಬಳಿಯ ಅಂಚಿಗೆ ಒರೆಸಿಕೊಂಡರು. ಅಯ್ಯನವರು ದೂರ ಹೋದಮೇಲೆ ಮುನಿಯಮ್ಮನ ಕಡೆ ಬಾಗಿ ಏನೋ ಅಂದರು. ಏನೆಂದರು ಎಂದು ಆಮೇಲೆ ಮುನಿಯಮ್ಮನನ್ನು ಕೇಳಿದೆ.

"ಹುಳಿ ಐತೆ ಅಂದ್ಲು. ಇಷ್ಟು ವರ್ಸ ಕಾದು ಕುಂತಿದ್ದು ಇದಕ್ಕಾ ಅಂದೆ. ಊಂ, ಇದಕ್ಕೇಯ ಅಂದ್ಲು."

ಅದರಿಂದ ಎಲ್ಲವೂ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಎರಡು ಮನೆಯವರು ಕೋಪಿಸಿಕೊಂಡು ಕೆಲವು ಕಾಲ ಗುಡಿಗೆ ಬರಲಿಲ್ಲ. ಸಭೆಯ ತೀರ್ಮಾನ ಎಂಬುದು ಇವತ್ತಿಗೂ ಆಗಿಲ್ಲ. ಹೊನ್ನಕ್ಕನವರು ಯಾವ ಚಾಪೆಗೆ ಸೇರಿದವರು ಎಂದು ಯಾರಾದರೂ ಹೊಸಬರು ಕೇಳಿದರೆ ಪರ್ವತಯ್ಯನವರು ತಮ್ಮ ಮಂಡಿ ತೋರಿಸುತ್ತಾರೆ. ಬಾವಿಕಟ್ಟೆಯಲ್ಲಿ ಮುನಿಯಮ್ಮ ಈಗಲೂ ಆಡಿಕೊಳ್ಳುತ್ತಾರೆ, ಆದರೆ ಎದುರಿಗೆ ಆಡಿಕೊಳ್ಳುತ್ತಾರೆ, ಹೊನ್ನಕ್ಕನವರೂ ತಿರುಗಿಸಿ ಅನ್ನುತ್ತಾರೆ. ಬಾಗಿಲ ಬಳಿಯ ಸಾಲು ಬೆಳೆದಿದೆ. ಹಸುಗೂಸಿನವರು, ಬಾಣಂತಿಯರು, ಒಬ್ಬ ಕಣ್ಣು ಕಾಣದ ಮುದುಕ, ಎಲ್ಲರೂ ಅಲ್ಲಿಯೇ ಕೂರುತ್ತಾರೆ. ಅಯ್ಯನವರು ಬಟ್ಟಲು ಹಿಡಿದು ಅಲ್ಲಿಯವರೆಗೆ ಬಂದು, ಬಾಗಿ ಬಾಗಿ ಕೊಟ್ಟು, ಸೊಂಟ ಹಿಡಿದುಕೊಂಡು ಹಿಂದಕ್ಕೆ ಹೋಗುತ್ತಾರೆ.

ಹೊನ್ನಕ್ಕನವರಿಗೆ ಈಗ ಕಣ್ಣು ಮಂಜಾಗಿದೆ, ನೂಲು ತೆಗೆಯುವುದನ್ನು ಬಿಟ್ಟಿದ್ದಾರೆ. ಹುಣಸೆ ಬೀಜ ಹುರಿದು, ಸಿಪ್ಪೆ ಕಳೆದು, ಬೀಸಿ, ಕಂಬಳಿ ನೇಯುವ ಮನೆಗಳಿಗೆ ಮಗ್ಗದ ಹಾಸುನೂಲಿಗೆ ಬಳಿಯುವ ಗಂಜಿ ಕಾಸಿ ಕೊಡುತ್ತಾರೆ.